ಜಪಾನಿನ ಉಪನಗರದಲ್ಲಿ ತಂತ್ರಾಂಶಜ್ಞನ ದಿನಚರ್ಯೆ

ನಮ್ಮ ಸದ್ಭಕ್ತ ಕುಟುಂಬಗಳ ಮಕ್ಕಳು ಉದ್ಯೋಗಕ್ಕಾಗಿ ಅಮೆರಿಕೆಗೆ ಹೋಗುವುದು ಹಳೆಯ ಸಂಗತಿ. ಈಚೆಗೆ ಜಪಾನಿಗೆ ಹೋಗುವವರೂ ಇದ್ದಾರೆ. 2000ನೆಯ ಇಸವಿಯ ಆಸುಪಾಸಿನಲ್ಲಿ ಗಣಕಯಂತ್ರಗಳ ವರ್ಷಗಣನೆಯ ದೋಷವನ್ನು ಸರಿಪಡಿಸಲು ಹೋದ ಭಾರತೀಯ ತಂತ್ರಜ್ಞರು ಟೋಕಿಯೋದ ಪೂರ್ವಭಾಗದ ನಿಶಿ-ಕಸಾಯಿಯಲ್ಲಿ ನೆಲೆನಿಂತರು. ಇಂದು ಅಲ್ಲಿ ತೊಗರಿಬೇಳೆಯಿಂದ ಇಂಗಿನವರೆಗೆ ಎಲ್ಲವೂ ದೊರೆಯುತ್ತದೆ. ಬಾಡಿಗೆಯ ಭಾರಕ್ಕೆ ಅಂಜಿ ಸೈತಾಮ, ಚಿಬ, ಕನಗಾವ ಪ್ರಾಂತಗಳ ಉಪನಗರಗಳಲ್ಲಿ ಮನೆ ಹಿಡಿದವರೂ ಉಂಟು. ಇಂತಹವರಿಂದಲೂ ಅವರ ತಂದೆತಾಯಿಗಳಿಂದಲೂ ನನಗೆ ಬರುವ ಪ್ರಶ್ನೆಗಳಲ್ಲಿ ಮೂರು ದೂರುಗಳು ಮೇಲಿಂದ ಮೇಲೆ ಕಾಣುತ್ತವೆ: ನಿದ್ರೆ ಬಾರದು, ಹೊಟ್ಟೆ ಸರಿಯಿಲ್ಲ, ಕುತ್ತಿಗೆ ಮತ್ತು ಸೊಂಟ ಹಿಡಿದುಕೊಂಡಿದೆ. "ಡಾಕ್ಟ್ರೇ, ಯಾವ ಲೇಹ್ಯ ಕಳಿಸೋಣ?" ಎಂಬುದು ತಾಯಂದಿರ ಪ್ರಶ್ನೆ. ಮಗನ ದಿನ ಅಲ್ಲಿ ಹೇಗೆ ಸಾಗುತ್ತದೆ ಎಂಬುದನ್ನು ಅರಿಯದೆ ಇದಕ್ಕೆ ಉತ್ತರವಿಲ್ಲ.

ಆ ದೇಶದ ಉಪನಗರ ಜೀವನದಲ್ಲಿಯೇ ಆರೋಗ್ಯಕ್ಕೆ ಪೋಷಕವಾದ ಹಲವು ಏರ್ಪಾಡುಗಳಿವೆ. ನಮ್ಮ ತಂತ್ರಾಂಶಜ್ಞನು ಅವುಗಳ ನಡುವೆಯೇ ವಾಸಿಸುತ್ತಾನೆ, ಆದರೆ ಅವುಗಳಲ್ಲಿ ಸೇರುವುದಿಲ್ಲ. ಅವನ ವ್ಯಾಧಿಯ ಮೂಲವು ಬಹುಪಾಲು ಇಲ್ಲಿದೆ.

ನಡಿಗೆಯನ್ನೇ ನೋಡೋಣ. ಜಪಾನಿನ ಬಾಡಿಗೆ ಮನೆಯ ಜಾಹೀರಾತಿನಲ್ಲಿ ರೈಲು ನಿಲ್ದಾಣಕ್ಕೆ ಎಷ್ಟು ನಿಮಿಷದ ಕಾಲ್ನಡಿಗೆ ಎಂದು ನಮೂದಿಸಿರುತ್ತಾರೆ. 80 ಮೀಟರಿಗೆ 1 ನಿಮಿಷವೆಂಬುದು ಅದರ ಲೆಕ್ಕ. 12 ನಿಮಿಷವೆಂದರೆ 960 ಮೀಟರ್. ಹೋಗಿಬಂದರೆ ಸುಮಾರು 2 ಕಿಲೋಮೀಟರ್. ನಿಲ್ದಾಣದ ಮೆಟ್ಟಿಲುಗಳೂ ರೈಲಿನಲ್ಲಿ ನಿಂತು ಪಯಣಿಸುವುದೂ ಇದಕ್ಕೆ ಸೇರುತ್ತವೆ. ಶರೀರಕ್ಕೆ ತಿಳಿಯದಂತೆಯೇ ವ್ಯಾಯಾಮವಾಗುತ್ತದೆ. 2020ರಿಂದ ಮನೆಯಲ್ಲಿಯೇ ಕುಳಿತು ಕೆಲಸ ಮಾಡುವ ಪದ್ಧತಿ ಬಂದ ಮೇಲೆ, ಹಾಸಿಗೆಯಿಂದ ಮೇಜಿಗೆ ನಾಲ್ಕು ಹೆಜ್ಜೆ ಇಟ್ಟರೆ ಅಂದಿನ ಪ್ರಯಾಣ ಮುಗಿಯಿತು. ಹೀಗಿರುವವರಿಗೆ ನಾನು ಹೇಳುವುದು ಇಷ್ಟೆ: ಕಛೇರಿಗೆ ಹೋಗದ ದಿನವೂ ನಿಲ್ದಾಣದವರೆಗೆ ನಡೆದುಹೋಗಿ ಹಿಂತಿರುಗಿರಿ, ಆ ಮೇಲೆ ಗಣಕವನ್ನು ತೆರೆಯಿರಿ.

ಇನ್ನೊಂದು ಏರ್ಪಾಡು ರೇಡಿಯೋ ವ್ಯಾಯಾಮ. 1928ರಲ್ಲಿ ಆರಂಭವಾದ ಈ ಪದ್ಧತಿ ಇಂದಿಗೂ ಜೀವಂತವಾಗಿದೆ. ಬೆಳಿಗ್ಗೆ 6.30ಕ್ಕೆ ರಾಷ್ಟ್ರೀಯ ಬಾನುಲಿ ಸಂಸ್ಥೆಯಾದ ಎನ್‌ಎಚ್‌ಕೆ ಪಿಯಾನೋ ವಾದನದೊಡನೆ ಇದನ್ನು ಪ್ರಸಾರ ಮಾಡುತ್ತದೆ. ಬಡಾವಣೆಯ ಉದ್ಯಾನಗಳಲ್ಲಿ ಹಿರಿಯರು ಗುಂಪುಗೂಡಿ ಕೈಕಾಲು ಚಾಚುತ್ತಾರೆ. ಒಂದು ಆವೃತ್ತಿಗೆ ಮೂರು ನಿಮಿಷ ಸಾಕು. ಇದಕ್ಕೆ ಭಾಷೆ ಬೇಡ, ಮುಂದಿನವರನ್ನು ನೋಡಿ ಮಾಡಿದರಾಯಿತು. ಕುತ್ತಿಗೆ, ಭುಜ, ಸೊಂಟದ ಸಂಧಿಗಳೆಲ್ಲ ಸಡಿಲಗೊಳ್ಳುತ್ತವೆ. ಇದಕ್ಕಿಂತ ದೊಡ್ಡ ಲಾಭವೆಂದರೆ ನೆರೆಯ ಅಜ್ಜ ಅಜ್ಜಿಯರ ಪರಿಚಯ. ವಾರಗಟ್ಟಲೆ ಪರದೆಯೊಡನೆ ಮಾತ್ರ ಮಾತನಾಡುವ ಯುವಕನಿಗೆ, ದಿನವೂ ಬೆಳಿಗ್ಗೆ ನಾಲ್ವರು ತಲೆಬಾಗಿ ನಮಸ್ಕರಿಸುವುದು ಸಣ್ಣ ಔಷಧವಲ್ಲ.

ಈಗ ರಾತ್ರಿಯ ವಿಚಾರ. ಜಪಾನಿನ ಗಡಿಯಾರ ನಮ್ಮದಕ್ಕಿಂತ ಮೂರೂವರೆ ಗಂಟೆ ಮುಂದಿದೆ. ಬೆಂಗಳೂರಿನ ತಂಡದೊಡನೆ ಕೂಡಿ ಕೆಲಸ ಮಾಡುವವನಿಗೆ ಇಲ್ಲಿಯ ಸಂಜೆ 6ರ ಸಭೆ ಅಲ್ಲಿಯ ರಾತ್ರಿ 9.30ರ ಸಭೆ. ಅದು ಮುಗಿದ ಮೇಲೆ ಊಟ, ಊಟವಾದೊಡನೆ ಹಾಸಿಗೆ. ಹೊತ್ತು ತಪ್ಪಿ ಉಣ್ಣುವುದನ್ನು ನಮ್ಮ ಶಾಸ್ತ್ರವು ವಿಷಮಾಶನವೆನ್ನುತ್ತದೆ. ರಾತ್ರಿ ಜಾಗರಣೆಯು ರೂಕ್ಷಗುಣವನ್ನು ಹೆಚ್ಚಿಸಿ ವಾತವನ್ನು ಕೆರಳಿಸುತ್ತದೆ ಎನ್ನುತ್ತದೆ. ಟೋಕಿಯೋ ಸುತ್ತಲಿನ ಬಯಲುಸೀಮೆಯ ಚಳಿಗಾಲವೋ ಒಣ ಗಾಳಿಯದು. ಹೊರಗಿನ ರೂಕ್ಷತೆಗೆ ಒಳಗಿನದೂ ಕೂಡಿದಾಗ ಮಲಬದ್ಧತೆ, ಚರ್ಮದ ಬಿರುಕು, ನಿದ್ರಾಭಂಗಗಳು ಒಟ್ಟಿಗೆ ಬರುತ್ತವೆ. ಸಂಜೆ 7ರ ಒಳಗೆ ಊಟ ಮುಗಿಸಿ ಆಮೇಲೆ ಸಭೆಗೆ ಕೂರುವುದು ಅಸಾಧ್ಯವೇನಲ್ಲ. ಜಪಾನಿನ ಕಾನೂನೇ ಹೆಚ್ಚುವರಿ ದುಡಿಮೆಗೆ ಸಾಮಾನ್ಯವಾಗಿ ತಿಂಗಳಿಗೆ 45 ಗಂಟೆ, ವರ್ಷಕ್ಕೆ 360 ಗಂಟೆಗಳ ಮಿತಿಯನ್ನು ಹಾಕಿದೆ. ದೊಡ್ಡ ಸಂಸ್ಥೆಗಳಿಗೆ 2019ರಿಂದ, ಸಣ್ಣವುಗಳಿಗೆ 2020ರಿಂದ ಇದು ಜಾರಿಯಲ್ಲಿದೆ. ಅತಿದುಡಿಮೆಯಿಂದ ಬರುವ ಸಾವಿಗೆ 'ಕರೋಶಿ' ಎಂಬ ಪ್ರತ್ಯೇಕ ಪದವನ್ನೇ ಪಡೆದ ದೇಶವದು. ಈ ಮಿತಿಯನ್ನು ಕೇಳಿ ಪಡೆಯಲು ಸಂಕೋಚ ಬೇಡ.

ರಾತ್ರಿಯ ಸ್ನಾನ ಜಪಾನೀಯರ ಉತ್ತಮ ಅಭ್ಯಾಸ. ಮೊದಲು ತೊಟ್ಟಿಯ ಹೊರಗೆ ಕುಳಿತು ಮೈ ತೊಳೆದು, ಅನಂತರ ಬಿಸಿನೀರಿನಲ್ಲಿ ಕುತ್ತಿಗೆಯವರೆಗೆ ಮುಳುಗಿ ಕೂರುತ್ತಾರೆ. ಬಿಸಿನೀರಿನ ಸ್ನಾನವು ಶರೀರಕ್ಕೆ ಬಲಕರ, ತಲೆಗೆ ಮಾತ್ರ ಬಿಸಿನೀರು ಸಲ್ಲದೆಂದು ವಾಗ್ಭಟಾಚಾರ್ಯರ ಮತ. ಈ ಪದ್ಧತಿ ಅದಕ್ಕೆ ಸರಿಹೊಂದುತ್ತದೆ. ಆದರೆ ಅಲ್ಲಿಯ ಹಳೆಯ ಮನೆಗಳಲ್ಲಿ ಕುಳಿತ ಕೋಣೆ ಮಾತ್ರ ಬೆಚ್ಚಗಿದ್ದು, ಬಚ್ಚಲಿನ ಹೊರಗಿನ ಜಾಗ ಮಂಜಿನಂತೆ ತಣ್ಣಗಿರುತ್ತದೆ. ಚಳಿಯಿಂದ ಒಮ್ಮೆಲೇ ಬಿಸಿಗೆ ಇಳಿದಾಗ ರಕ್ತದೊತ್ತಡ ಏರುಪೇರಾಗಿ, ಚಳಿಗಾಲದಲ್ಲಿ ವೃದ್ಧರು ತೊಟ್ಟಿಯಲ್ಲಿಯೇ ಸಾಯುವುದುಂಟು. ಮಗನ ಮನೆಗೆ ಹೋಗುವ ತಂದೆತಾಯಿಗಳು ಇದನ್ನು ಮರೆಯಬಾರದು: ನೀರು 41 ಡಿಗ್ರಿ ಮೀರದಿರಲಿ, 10 ನಿಮಿಷಕ್ಕೆ ಮೇಲೇಳಿರಿ, ಉಂಡ ಕೂಡಲೇ ಇಳಿಯಬೇಡಿ. ಅಭ್ಯಂಗಕ್ಕೆ ಎಳ್ಳೆಣ್ಣೆಯನ್ನು ಊರಿನಿಂದ ಹೊರಬೇಕಾಗಿಲ್ಲ. ಅಂಗಡಿಯ ಕಂದು ಬಣ್ಣದ ಎಣ್ಣೆ ಹುರಿದ ಎಳ್ಳಿನದು, ಅಡುಗೆಗೆ ಮಾತ್ರ. 'ತೈಹಾಕು' ಎಂದು ಕೇಳಿದರೆ ಹುರಿಯದ ಎಳ್ಳಿನ ತಿಳಿ ಎಣ್ಣೆ ಸಿಗುತ್ತದೆ. ವಾರಕ್ಕೆರಡು ಬಾರಿ ಹಚ್ಚಿ, ತೊಟ್ಟಿಗೆ ಇಳಿಯುವ ಮುನ್ನ ಜಿಡ್ಡನ್ನು ಪೂರ್ಣ ತೊಳೆದುಕೊಳ್ಳಬೇಕು.

ಸಸ್ಯಾಹಾರಿಗೆ ಅಲ್ಲಿ ದೊಡ್ಡ ತೊಡಕು ತರಕಾರಿಯಲ್ಲ, ಸಾರು. ಕಣ್ಣಿಗೆ ಬರಿಯ ತರಕಾರಿಯಾಗಿ ಕಂಡರೂ 'ದಾಶಿ' ಎಂಬ ಮೂಲರಸ ಬಹುಮಟ್ಟಿಗೆ ಒಣಮೀನಿನದು. ಕೊಂಬು ಎಂಬ ಕಡಲಪಾಚಿಯಿಂದ, ಶಿಟಾಕೆ ಅಣಬೆಯಿಂದ ಮಾಡಿದ ದಾಶಿಯೂ ಉಂಟು. ಬೌದ್ಧ ಮಠಗಳ ಶೋಜಿನ್ ಅಡುಗೆ ಇದನ್ನೇ ಬಳಸುತ್ತದೆ. ಈ ತೊಡಕಿಗೆ ಹೆದರಿ ಅನೇಕರು ಬಿಳಿ ಅನ್ನ, ಉಪ್ಪಿನಕಾಯಿ, ದಿಢೀರ್ ನೂಡಲ್ಸ್‌ಗಳಲ್ಲಿ ದಿನ ಕಳೆಯುತ್ತಾರೆ. ಪಾಲಿಶ್ ಅಕ್ಕಿಯ ಕಥೆಯನ್ನು ಜಪಾನೇ ಲೋಕಕ್ಕೆ ಕಲಿಸಿದೆ. 1882-83ರಲ್ಲಿ ದೀರ್ಘಯಾನ ಮಾಡಿದ ಅಲ್ಲಿಯ ನೌಕಾಪಡೆಯ ರ್ಯೂಜೊ ಹಡಗಿನ 376 ಜನರಲ್ಲಿ 169 ಜನರಿಗೆ ಬೆರಿಬೆರಿ ರೋಗ ತಗುಲಿ 25 ಜನ ಸತ್ತರು. ನೌಕಾವೈದ್ಯ ತಕಾಕಿ ಕನೆಹಿರೊ ಇದು ಆಹಾರದ ದೋಷವೆಂದು ಊಹಿಸಿ, 1884ರಲ್ಲಿ ಸುಕುಬಾ ಹಡಗನ್ನು ಅದೇ ಮಾರ್ಗದಲ್ಲಿ ಬೇರೆ ಆಹಾರಕ್ರಮದೊಡನೆ ಕಳುಹಿಸಿದನು. ಆ ರೋಗದಿಂದ ಒಬ್ಬನೂ ಸಾಯಲಿಲ್ಲ. ಮುಂದೆ ನೌಕಾಪಡೆಯ ಅನ್ನಕ್ಕೆ ಜವೆಗೋಧಿ ಬೆರೆಯಿತು. ಅಕ್ಕಿಯೊಡನೆ ಬೇಯಿಸುವ ಜವೆ ಇಂದಿಗೂ ಅಲ್ಲಿಯ ಅಂಗಡಿಗಳಲ್ಲಿದೆ. ಅದನ್ನು ಬೆರೆಸಿದ ಅನ್ನ, ಬೇಳೆಸಾರು, ತೋಫು, ಮೊಸರು ಇಷ್ಟಿದ್ದರೆ ಒಬ್ಬಂಟಿಯ ಅಡುಗೆಗೆ ಕೊರತೆಯಿಲ್ಲ.

ಔಷಧಗಳ ಪಾರ್ಸೆಲ್ ಬಗೆಗೆ ಕಟ್ಟುನಿಟ್ಟಾಗಿ ಹೇಳಬೇಕಾಗಿದೆ. ನಮ್ಮಲ್ಲಿ ಸಹಜವಾಗಿ ಕೊಳ್ಳುವ ಕೆಲವು ನೆಗಡಿ ಮಾತ್ರೆಗಳಲ್ಲಿರುವ ಸ್ಯೂಡೋಎಫೆಡ್ರಿನ್ ನಿಗದಿತ ಪ್ರಮಾಣ ಮೀರಿದರೆ ಜಪಾನಿನಲ್ಲಿ ನಿಷಿದ್ಧ. ಕೆಮ್ಮಿನ ಔಷಧದ ಕೊಡೀನ್‌ಗೂ ಮಿತಿಯಿದೆ. ಜಾತೀಫಲಾದಿ ಚೂರ್ಣದಂತಹ ನಮ್ಮ ಯೋಗಗಳಲ್ಲಿ ಭಂಗಿಯ ಅಂಶವಿರುತ್ತದೆ. ಅದನ್ನು ಕಳುಹಿಸಿದರೆ ಮಗ ಪೊಲೀಸರ ಕೈಗೆ ಸಿಕ್ಕಬಹುದು. ವೈದ್ಯರು ಬರೆದುಕೊಟ್ಟ ಔಷಧವಾದರೂ ಒಂದು ತಿಂಗಳಿಗಿಂತ ಹೆಚ್ಚಿನ ಪ್ರಮಾಣಕ್ಕೆ ಮುಂಚಿತವಾಗಿ ಅಲ್ಲಿಯ ಸರಕಾರದ ಪ್ರಮಾಣಪತ್ರ ಬೇಕು. ಭಸ್ಮಗಳನ್ನಂತೂ ವೈದ್ಯನ ಕಣ್ಣಳತೆಯಿಲ್ಲದೆ ದೂರದಲ್ಲಿ ಸೇವಿಸುವುದು ನನಗೆ ಒಪ್ಪಿಗೆಯಿಲ್ಲ. ಅಲ್ಲಿಯೇ ದೊರೆಯುವ ಕಂಪೋ ಔಷಧಗಳೂ ಮೂಲಿಕೆಗಳೆಂದು ಮನಬಂದಂತೆ ನುಂಗಬಾರದು. ನೆಗಡಿಗೆ ಹೆಸರಾದ ಕಕ್ಕೊಂತೊದಲ್ಲಿ ಎಫೆಡ್ರಾ ಮತ್ತು ಯಷ್ಟಿಮಧು ಇವೆ. ರಕ್ತದೊತ್ತಡವುಳ್ಳವರು ವೈದ್ಯರನ್ನು ಕೇಳಿಯೇ ಕೊಳ್ಳಬೇಕು.

ಅಲ್ಲಿ ನೌಕರರಿಗೆ ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆ ಮಾಡಿಸುವುದು ಮಾಲೀಕನ ಕರ್ತವ್ಯ. 50 ಅಥವಾ ಹೆಚ್ಚು ಜನರಿರುವ ಕಛೇರಿಗಳಲ್ಲಿ 2015ರ ಕೊನೆಯಿಂದ ಮಾನಸಿಕ ಒತ್ತಡದ ಪರೀಕ್ಷೆಯೂ ಇದೆ. ವರದಿ ಜಪಾನಿ ಭಾಷೆಯಲ್ಲಿದೆಯೆಂದು ಅದನ್ನು ಕಪಾಟಿನಲ್ಲಿ ಇಡುವವರೇ ಹೆಚ್ಚು. ಅಂಕಿಗಳಿಗೆ ಭಾಷೆಯಿಲ್ಲ, ಚಿತ್ರ ತೆಗೆದು ಊರಿನ ವೈದ್ಯರಿಗೆ ಕಳುಹಿಸಬಹುದು. ಎರಡು ವಾರಗಳಿಗೂ ಮೀರಿ ನಿದ್ರೆ, ಹಸಿವು, ಕೆಲಸದ ಆಸಕ್ತಿ ಎಲ್ಲವೂ ಕುಗ್ಗಿ, ಬದುಕೇ ಬೇಡವೆನಿಸುವವನಿಗೆ ಬ್ರಾಹ್ಮೀ ಘೃತವೊಂದೇ ಸಾಲದು. ತಡಮಾಡದೆ ಅಲ್ಲಿಯ ಮನೋವೈದ್ಯರನ್ನು ಕಾಣಬೇಕು. ವಿಮೆಯಿರುವುದರಿಂದ ಸಾಮಾನ್ಯವಾಗಿ ವೆಚ್ಚದ ಶೇಕಡ 30ನ್ನು ಮಾತ್ರ ಕೊಡಬೇಕಾಗುತ್ತದೆ. ತುರ್ತು ಆಂಬುಲೆನ್ಸ್‌ಗೆ 119 ಸಂಖ್ಯೆ. ಇದನ್ನು ತಂದೆತಾಯಿಗಳೂ ಬರೆದಿಟ್ಟುಕೊಳ್ಳಲಿ.

ಇನ್ನು ನಿಮ್ಮ ಫೋನಿನ ಮಾತು. ರಾತ್ರಿ ಊಟ ಮುಗಿಸಿ 9 ಗಂಟೆಗೆ ನೀವು ಪ್ರೀತಿಯಿಂದ ಕರೆ ಮಾಡುವಾಗ ಅಲ್ಲಿ ನಡುರಾತ್ರಿ ಕಳೆದು 12.30 ಆಗಿರುತ್ತದೆ. ಅಪ್ಪ ಅವ್ವ ಬೇಸರಪಟ್ಟಾರೆಂದು ಮಗ ಎಚ್ಚರವಿದ್ದು ಕಾಯುತ್ತಾನೆ, ನಿದ್ರೆ ಬರುತ್ತಿಲ್ಲವೆಂದು ನಮಗೆ ಹೇಳುತ್ತಾನೆ. ಇಲ್ಲಿಯ ಮಧ್ಯಾಹ್ನ 4 ಗಂಟೆ ಅಲ್ಲಿಯ ಸಂಜೆ 7.30, ರಜೆಯ ದಿನವಾದರೆ ಇಲ್ಲಿಯ ಬೆಳಿಗ್ಗೆ 7 ಅಲ್ಲಿಯ 10.30. ಈ ಎರಡು ಹೊತ್ತುಗಳಲ್ಲಿ ಒಂದನ್ನು ಗೊತ್ತುಮಾಡಿಕೊಳ್ಳಿರಿ.