ಟ್ರ್ಯಾಕ್ಟರ್ ಬ್ಯಾಟರಿ: ಬಾಳಿಕೆ ಹೆಚ್ಚಿಸುವುದು ಹೇಗೆ? ಬದಲಿಸುವುದು ಯಾವಾಗ?

ಎರೆಭೂಮಿಯಲ್ಲಿ ಬಿತ್ತನೆಯ ಹದ ಬಹಳ ದಿನ ನಿಲ್ಲುವುದಿಲ್ಲ. ದೊಡ್ಡ ಮಳೆಯಾದ ಮರುದಿನ ಹೊಲಕ್ಕಿಳಿದರೆ ಮಣ್ಣು ಕೂರಿಗೆಗೆ ಮೆತ್ತುತ್ತದೆ. ಹೆಚ್ಚು ದಿನ ಬಿಟ್ಟರೆ ಮೇಲ್ಪದರು ಒಣಗಿ ಬಿರಿಯುತ್ತದೆ. ನಡುವಿನ ಕೆಲವೇ ದಿನಗಳಲ್ಲಿ ಹೆಸರು, ಸೋಯಾ ಅವರೆ, ಗೋವಿನಜೋಳದ ಬಿತ್ತನೆ ಮುಗಿಯಬೇಕು. ಇಂಥ ಮುಂಜಾನೆ ಟ್ರ್ಯಾಕ್ಟರಿನ ಕೀಲಿ ತಿರುಗಿಸಿದಾಗ ‘ಟಕ್’ ಎಂಬ ಸದ್ದು ಮಾತ್ರ ಬಂದು ಎಂಜಿನ್ ತಿರುಗದಿದ್ದರೆ, ಆಗುವ ನಷ್ಟ ಒಂದು ಬ್ಯಾಟರಿಯ ಬೆಲೆಗಿಂತ ಹೆಚ್ಚಾದೀತು.

ಇಂಥ ಸಮಯದಲ್ಲಿ ರೈತರು ಎರಡು ಬಗೆಯ ತಪ್ಪು ಮಾಡುವುದುಂಟು. ಕೆಲವರು ಅವಸರದಲ್ಲಿ ಪೇಟೆಗೆ ಹೋಗಿ ಹೊಸ ಬ್ಯಾಟರಿ ತರುತ್ತಾರೆ. ದೋಷ ಬ್ಯಾಟರಿಯಲ್ಲಿರದೆ ತಂತಿಯ ಹಿಡಿಕೆಗೆ ಕಟ್ಟಿದ ಕಿಲುಬಿನಲ್ಲಿ ಇದ್ದೀತು. ಇನ್ನು ಕೆಲವರು ನಿಜವಾಗಿಯೂ ಆಯುಷ್ಯ ತೀರಿದ ಬ್ಯಾಟರಿಯನ್ನು ಇಳಿಜಾರಿನಲ್ಲಿ ನಿಲ್ಲಿಸಿ, ನಾಲ್ಕು ಜನ ನೂಕಿ, ಹಂಗಾಮು ಮುಗಿಯುವವರೆಗೆ ಎಳೆಯುತ್ತಾರೆ. ಮೊದಲನೆಯದರಿಂದ ಹಣ ಪೋಲು. ಎರಡನೆಯದರಿಂದ ಕೆಲಸವೂ ಕೆಡುತ್ತದೆ, ಜೀವಕ್ಕೂ ಅಪಾಯ. ಬ್ಯಾಟರಿಯನ್ನು ಸರಿಯಾಗಿ ನೋಡಿಕೊಂಡು, ಬಿತ್ತನೆಗೆ ಮೊದಲೇ ಪರೀಕ್ಷಿಸಿದರೆ ಇವೆರಡನ್ನೂ ತಪ್ಪಿಸಬಹುದು.

ಬ್ಯಾಟರಿಯ ಒಳಗೆ ಏನಿದೆ?

ಟ್ರ್ಯಾಕ್ಟರಿನಲ್ಲಿ ಸಾಮಾನ್ಯವಾಗಿ 12 ವೋಲ್ಟಿನ ಸೀಸ-ಆಮ್ಲದ ಬ್ಯಾಟರಿ ಇರುತ್ತದೆ. ಈ ಬಗೆಯ ಬ್ಯಾಟರಿಯನ್ನು ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ 1859ರಲ್ಲಿ ಮೊದಲು ರೂಪಿಸಿದರು. ಅದರಲ್ಲಿ ಆರು ಕೋಣೆಗಳಿವೆ. ಒಂದೊಂದು ಕೋಣೆ ಸುಮಾರು 2.1 ವೋಲ್ಟ್ ಕೊಡುತ್ತದೆ. ಪ್ರತಿ ಕೋಣೆಯಲ್ಲಿ ಸೀಸದ ಪ್ಲೇಟುಗಳು ನೀರು ಬೆರೆತ ಗಂಧಕಾಮ್ಲದಲ್ಲಿ ಮುಳುಗಿರುತ್ತವೆ. ಬ್ಯಾಟರಿಯಿಂದ ವಿದ್ಯುತ್ ತೆಗೆದಂತೆ ಆಮ್ಲದ ಅಂಶ ಪ್ಲೇಟುಗಳಿಗೆ ಸೇರಿ ಸೀಸದ ಸಲ್ಫೇಟ್ ಆಗುತ್ತದೆ, ದ್ರಾವಣ ತೆಳುವಾಗುತ್ತದೆ. ಚಾರ್ಜ್ ಮಾಡಿದಾಗ ಆ ಅಂಶ ಮರಳಿ ದ್ರಾವಣಕ್ಕೆ ಬರುತ್ತದೆ.

ಆದರೆ ಖಾಲಿಯಾದ ಬ್ಯಾಟರಿಯನ್ನು ವಾರಗಟ್ಟಲೆ ಹಾಗೆಯೇ ಬಿಟ್ಟರೆ ಸಲ್ಫೇಟ್ ಗಟ್ಟಿ ಹರಳಾಗಿ ಪ್ಲೇಟಿಗೆ ಅಂಟಿಕೊಳ್ಳುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಅದು ಪೂರ್ತಿ ಕರಗುವುದಿಲ್ಲ. ಆದ್ದರಿಂದ ಬ್ಯಾಟರಿಗೆ ದುಡಿಮೆಗಿಂತಲೂ ಹಸಿವೆಯೇ ಹೆಚ್ಚು ಕೇಡು ಎಂಬುದನ್ನು ನೆನಪಿಡಬೇಕು.

ಬೇಗ ಕೆಡಲು ಕಾರಣಗಳು

1. ಚಾರ್ಜ್ ಸಾಲದಿರುವುದು: ಹುಬ್ಬಳ್ಳಿ-ಧಾರವಾಡಗಳ ನಡುವಿನ ರಾಯಾಪುರ ಅಥವಾ ಅದರ ಸುತ್ತಲಿನ ಗಾಮನಗಟ್ಟಿ, ಇಟಿಗಟ್ಟಿಗಳಿಂದ ಅಮರಗೋಳದ ಕೃಷಿ ಉತ್ಪನ್ನ ಮಾರುಕಟ್ಟೆಗೆ ಮಾಲು ಒಯ್ಯುವ ಟ್ರ್ಯಾಕ್ಟರನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ದಾರಿ ಚಿಕ್ಕದು. ಪ್ರಾಂಗಣದ ಸಾಲಿನಲ್ಲಿ ಹತ್ತು ಸಲ ಎಂಜಿನ್ ನಿಲ್ಲಿಸಿ ಹತ್ತು ಸಲ ಸ್ಟಾರ್ಟ್ ಮಾಡಬೇಕು. ಹಿಂದಿರುಗುವಾಗ ಕತ್ತಲೆ; ದೀಪ ಹಚ್ಚಲೇಬೇಕು. ಪ್ರತಿ ಸ್ಟಾರ್ಟಿಗೂ ಸ್ಟಾರ್ಟರ್ ಮೋಟಾರು ನೂರಾರು ಆಂಪಿಯರ್ ಎಳೆಯುತ್ತದೆ. ಎಂಜಿನ್ ನಿಧಾನವಾಗಿ ತಿರುಗುವಾಗ ಆಲ್ಟರ್ನೇಟರ್ ಅಷ್ಟನ್ನು ಮರಳಿ ತುಂಬಲಾರದು. ದಿನವಿಡೀ ನೇಗಿಲು ಎಳೆದ ಟ್ರ್ಯಾಕ್ಟರಿಗಿಂತ ಇಂಥ ಟ್ರ್ಯಾಕ್ಟರಿನ ಬ್ಯಾಟರಿಯೇ ಬೇಗ ಸೋಲುತ್ತದೆ. ಎಂಜಿನ್ ನಿಲ್ಲಿಸಿ ಗಂಟೆಗಟ್ಟಲೆ ಹಾಡು ಹಾಕುವುದರಿಂದಲೂ ಇದೇ ಕೇಡು.

2. ನೀರು ಇಂಗುವುದು: ಬೇಸಿಗೆಯಲ್ಲಿ ನೀರು ಬೇಗ ಕಡಿಮೆಯಾಗುತ್ತದೆ. ಪ್ಲೇಟಿನ ಮೇಲ್ತುದಿ ಗಾಳಿಗೆ ತೆರೆದುಕೊಂಡರೆ ಆ ಭಾಗ ಒಣಗಿ ಮತ್ತೆ ಕೆಲಸಕ್ಕೆ ಬರುವುದಿಲ್ಲ.

3. ಕೊಳವೆ ಬಾವಿಯ ನೀರು ಹಾಕುವುದು: ಅದರಲ್ಲಿರುವ ಉಪ್ಪು, ಕಬ್ಬಿಣದ ಅಂಶಗಳು ಪ್ಲೇಟುಗಳನ್ನು ಹಾಳು ಮಾಡುತ್ತವೆ. ಕುದಿಸಿ ಆರಿಸಿದರೂ ಉಪ್ಪು ಹೋಗುವುದಿಲ್ಲ. ಬಟ್ಟಿ ಇಳಿಸಿದ ನೀರನ್ನೇ, ಎಂದರೆ ಡಿಸ್ಟಿಲ್ಡ್ ವಾಟರನ್ನೇ ಹಾಕಬೇಕು.

4. ಕುಲುಕಾಟ: ಹೆಂಟೆಯ ಹೊಲದಲ್ಲಿ, ಕೊರಕಲು ದಾರಿಯಲ್ಲಿ ಸಡಿಲವಾಗಿ ಕೂತ ಬ್ಯಾಟರಿಯ ಪ್ಲೇಟುಗಳಿಂದ ಪುಡಿ ಉದುರಿ ತಳದಲ್ಲಿ ಸೇರುತ್ತದೆ. ಪುಡಿ ಹೆಚ್ಚಾಗಿ ಎರಡು ಪ್ಲೇಟುಗಳಿಗೆ ತಗುಲಿದರೆ ಆ ಕೋಣೆ ಸತ್ತಂತೆ.

5. ಧೂಳು: ಬ್ಯಾಟರಿಯ ಮೇಲೆ ಕೂತ ಧೂಳಿಗೆ ತೇವ ಮತ್ತು ಆಮ್ಲದ ಪಸೆ ಸೇರಿದರೆ ಒಂದು ತುದಿಯಿಂದ ಇನ್ನೊಂದಕ್ಕೆ ವಿದ್ಯುತ್ ಸೋರುತ್ತಲೇ ಇರುತ್ತದೆ.

ತಿಂಗಳಿಗೊಮ್ಮೆ ಮಾಡಬೇಕಾದ ಕೆಲಸ

ಈ ಕೆಲಸಕ್ಕೆ ಅರ್ಧ ಗಂಟೆ ಸಾಕು. ಎಂಜಿನ್ ನಿಲ್ಲಿಸಿ, ಮೊದಲು ಋಣ ತುದಿಯ ತಂತಿಯನ್ನು, ಅಂದರೆ ಟ್ರ್ಯಾಕ್ಟರಿನ ಮೈಗೆ ಜೋಡಿಸಿದ ತಂತಿಯನ್ನು ಬಿಚ್ಚಬೇಕು. ಆಮೇಲೆ ಧನ ತುದಿಯದನ್ನು. ಜೋಡಿಸುವಾಗ ಮೊದಲು ಧನ, ಕೊನೆಗೆ ಋಣ. ಈ ಕ್ರಮ ತಪ್ಪಿ ಪಾನಾ ಟ್ರ್ಯಾಕ್ಟರಿನ ಮೈಗೆ ತಾಗಿದರೆ ಕಿಡಿ ಹಾರುತ್ತದೆ.

ಮುಚ್ಚಳಗಳು ಭದ್ರವಾಗಿವೆ ಎಂದು ನೋಡಿಕೊಂಡು, ನೀರಿನಲ್ಲಿ ಅಡುಗೆ ಸೋಡಾ ಕಲಸಿ, ಹಳೆಯ ಬ್ರಷ್ಷಿನಿಂದ ತುದಿಗಳನ್ನೂ ಹಿಡಿಕೆಗಳನ್ನೂ ತಿಕ್ಕಬೇಕು. ಬಿಳಿ-ಹಸಿರು ಕಿಲುಬು ನೊರೆಯಾಗಿ ಹೋಗುತ್ತದೆ. ಸೋಡಾ ನೀರು ಒಳಗೆ ಇಳಿಯಬಾರದು. ಇಳಿದರೆ ಆಮ್ಲದ ಶಕ್ತಿ ಕುಂದುತ್ತದೆ. ಶುದ್ಧ ನೀರಿನಿಂದ ತೊಳೆದು, ಒಣಬಟ್ಟೆಯಿಂದ ಒರೆಸಿ, ಹಿಡಿಕೆಗಳನ್ನು ಬಿಗಿದ ಮೇಲೆ ವ್ಯಾಸಲೀನ್ ಸವರಬೇಕು. ಮೊದಲೇ ಸವರಿ ಆಮೇಲೆ ಬಿಗಿಯುವುದು ಸರಿಯಲ್ಲ.

ನೀರಿನ ಮಟ್ಟ ಪ್ಲೇಟುಗಳಿಗಿಂತ ಸುಮಾರು 10ರಿಂದ 15 ಮಿಲಿಮೀಟರ್ ಮೇಲಿರಬೇಕು. ಮೈಮೇಲೆ ಗುರುತು ಇದ್ದರೆ ಎರಡು ಗೆರೆಗಳ ನಡುವೆ ಇರಬೇಕು. ಕಡಿಮೆಯಾದಷ್ಟು ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಬೇಕು, ಆಮ್ಲ ಹಾಕಲೇಬಾರದು. ಇಂಗಿ ಹೋಗುವುದು ನೀರೇ ಹೊರತು ಆಮ್ಲವಲ್ಲ. ನೀರು ಹಾಕುವ ಕಿಂಡಿಯಿಲ್ಲದ ಮುಚ್ಚಿದ ಬ್ಯಾಟರಿಗೆ ಈ ಕೆಲಸವಿಲ್ಲ. ಉಳಿದ ಶುಚಿತ್ವ, ಬಿಗಿತ, ಚಾರ್ಜ್ ಅದಕ್ಕೂ ಬೇಕು.

ಟ್ರ್ಯಾಕ್ಟರಿಗೆ ಕೆಲಸವಿಲ್ಲದ ದಿನಗಳಲ್ಲಿ

ಎಡೆ ಹೊಡೆಯುವುದು ಮುಗಿದ ಮೇಲೆ ಹಾಗೂ ಹಿಂಗಾರಿ ಕಡಲೆ, ಜೋಳದ ಸುಗ್ಗಿಯ ನಂತರ ಅನೇಕ ಟ್ರ್ಯಾಕ್ಟರುಗಳು ವಾರಗಟ್ಟಲೆ ನಿಲ್ಲುತ್ತವೆ. ನಿಂತ ಬ್ಯಾಟರಿಯೂ ತಾನಾಗಿ ಖಾಲಿಯಾಗುತ್ತದೆ. ಸೆಕೆ ಹೆಚ್ಚಿದಷ್ಟೂ ಬೇಗ. ಎರಡು ವಾರಕ್ಕಿಂತ ಹೆಚ್ಚು ನಿಲ್ಲಿಸುವುದಿದ್ದರೆ ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿಸಿ, ಋಣ ತಂತಿಯನ್ನು ಬಿಚ್ಚಿ, ನೆರಳಿನಲ್ಲಿ ಇಡಬೇಕು. ತಿಂಗಳಿಗೊಮ್ಮೆ ನೋಡಿ ಇಳಿದಿದ್ದರೆ ಮತ್ತೆ ಚಾರ್ಜ್ ಮಾಡಿಸಬೇಕು. ಐದು ನಿಮಿಷ ಎಂಜಿನ್ ಓಡಿಸಿ ನಿಲ್ಲಿಸುವುದರಿಂದ ಪ್ರಯೋಜನವಿಲ್ಲ. ಸ್ಟಾರ್ಟಿಗೆ ಹೋದದ್ದೂ ಮರಳಿ ಬಂದಿರುವುದಿಲ್ಲ.

ಹೊರಗೆ ಚಾರ್ಜ್ ಮಾಡಿಸುವಾಗ ನಿಧಾನವಾದದ್ದೇ ಒಳ್ಳೆಯದು. ಬ್ಯಾಟರಿಯ ಆಂಪಿಯರ್-ಗಂಟೆಯ ಹತ್ತನೆಯ ಒಂದು ಪಾಲು ಆಂಪಿಯರ್ ಸಾಕು. 80 ಆಂಪಿಯರ್-ಗಂಟೆಯದಕ್ಕೆ 8 ಆಂಪಿಯರ್. ಒಂದು ಗಂಟೆಯಲ್ಲಿ ತುಂಬಿಸಿಕೊಡುವ ಅವಸರದ ಚಾರ್ಜಿನಿಂದ ಪ್ಲೇಟುಗಳು ಕಾದು ಬಾಗುತ್ತವೆ.

ದೋಷ ಎಲ್ಲಿದೆ ಎಂದು ತಿಳಿಯುವ ಬಗೆ

ಎಂಜಿನ್ ತಿರುಗದಿದ್ದರೆ ಮೊದಲು ತಂತಿಯ ಹಿಡಿಕೆಗಳನ್ನು ನೋಡಬೇಕು. ಎರಡು ಮೂರು ಸಲ ಸ್ಟಾರ್ಟ್ ಮಾಡಲು ಯತ್ನಿಸಿದ ಮೇಲೆ ಯಾವ ಹಿಡಿಕೆ ಬಿಸಿಯಾಗಿದೆಯೋ ಅಲ್ಲಿ ಕಿಲುಬು ಅಥವಾ ಸಡಿಲು ಇದೆ. ಬ್ಯಾಟರಿಯ ಋಣ ತಂತಿ ಟ್ರ್ಯಾಕ್ಟರಿನ ಮೈಗೆ ಸೇರುವ ಬೋಲ್ಟನ್ನೂ ಬಿಚ್ಚಿ ಉಜ್ಜಬೇಕು. ಹಲವರು ಇದನ್ನು ಮರೆಯುತ್ತಾರೆ.

ಎರಡನೆಯದಾಗಿ ಬ್ಯಾಟರಿಯ ಚಾರ್ಜ್. ಕೆಲವು ಗಂಟೆ ವಿಶ್ರಾಂತಿ ಪಡೆದ ಬ್ಯಾಟರಿಯನ್ನು ಮಲ್ಟಿಮೀಟರಿನಿಂದ ಅಳೆಯಬೇಕು:

12.6 ವೋಲ್ಟ್ ಅಥವಾ ಹೆಚ್ಚು: ತುಂಬಿದೆ.
12.4 ವೋಲ್ಟ್: ಸುಮಾರು ಮುಕ್ಕಾಲು.
12.2 ವೋಲ್ಟ್: ಸುಮಾರು ಅರ್ಧ.
12.0 ವೋಲ್ಟ್: ಸುಮಾರು ಕಾಲು ಭಾಗ; ಕೂಡಲೇ ಚಾರ್ಜ್ ಮಾಡಿಸಬೇಕು.

ಮೂರನೆಯದಾಗಿ ಆಲ್ಟರ್ನೇಟರ್. ಎಂಜಿನ್ ಮಧ್ಯಮ ವೇಗದಲ್ಲಿ ಓಡುವಾಗ ಬ್ಯಾಟರಿಯ ತುದಿಗಳಲ್ಲಿ ಸುಮಾರು 13.8ರಿಂದ 14.5 ವೋಲ್ಟ್ ಇರಬೇಕು. ಕಡಿಮೆಯಿದ್ದರೆ ಫ್ಯಾನ್ ಬೆಲ್ಟ್ ಸಡಿಲವಿದೆಯೇ ಎಂದು ಮೊದಲು ನೋಡಿ, ಆಮೇಲೆ ಆಲ್ಟರ್ನೇಟರ್ ತೋರಿಸಬೇಕು. 15 ವೋಲ್ಟ್ ಮೀರಿದರೆ ರೆಗ್ಯುಲೇಟರ್ ಕೆಟ್ಟಿದೆ. ನೀರು ಕುದಿದು ಬೇಗ ಇಂಗುತ್ತದೆ. ಈ ದೋಷ ತಿದ್ದದೆ ಹೊಸ ಬ್ಯಾಟರಿ ಹಾಕಿದರೆ ಅದೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ.

ಬದಲಿಸಲೇಬೇಕಾದ ಲಕ್ಷಣಗಳು

ಒಳ್ಳೆಯ ಆರೈಕೆಯಲ್ಲಿ ಟ್ರ್ಯಾಕ್ಟರ್ ಬ್ಯಾಟರಿ ಸಾಮಾನ್ಯವಾಗಿ ಮೂರರಿಂದ ಐದು ವರ್ಷ ಬಾಳುತ್ತದೆ. ಆದರೆ ವಯಸ್ಸೊಂದನ್ನೇ ನೋಡಿ ಬದಲಿಸಬಾರದು. ಪೂರ್ತಿ ಚಾರ್ಜ್ ಮಾಡಿಸಿದ ಮೇಲೆ ಕೆಳಗಿನ ಲಕ್ಷಣಗಳಲ್ಲಿ ಒಂದು ಕಂಡರೂ ಬ್ಯಾಟರಿಯ ಆಯುಷ್ಯ ಮುಗಿದಿದೆ ಎಂದು ತಿಳಿಯಬೇಕು:

1. ಹೈಡ್ರೋಮೀಟರಿನಲ್ಲಿ ಅಳೆದಾಗ ಐದು ಕೋಣೆಗಳು 1.250ರ ಆಸುಪಾಸು ತೋರಿಸಿ, ಒಂದು ಮಾತ್ರ 1.200 ಅಥವಾ ಅದಕ್ಕಿಂತ ಕಡಿಮೆ ತೋರಿಸುವುದು. ಕೋಣೆಗಳ ನಡುವೆ 0.050ರಷ್ಟು ಅಂತರವಿದ್ದರೆ ಆ ಕೋಣೆ ಕೆಟ್ಟಿದೆ. ನೀರು ಹಾಕಿದ ಕೂಡಲೇ ಅಳೆಯಬಾರದು. ನೀರು ಮೇಲೆಯೇ ನಿಂತು ತಪ್ಪು ಅಳತೆ ಬರುತ್ತದೆ.

2. ಸ್ಟಾರ್ಟರ್ ತಿರುಗುವಾಗ ಬ್ಯಾಟರಿಯ ವೋಲ್ಟೇಜ್ 9.6ಕ್ಕಿಂತ ಕೆಳಗೆ ಜಾರುವುದು. ಸ್ಟಾರ್ಟರ್ ಮೋಟಾರು ಸರಿಯಿದೆ ಎಂದು ಮೊದಲು ಖಚಿತಪಡಿಸಿಕೊಳ್ಳಬೇಕು.

3. ತಂತಿ ಬಿಚ್ಚಿಟ್ಟರೂ ಒಂದೆರಡು ದಿನದಲ್ಲೇ ಚಾರ್ಜ್ ಇಳಿಯುವುದು.

4. ಒಂದೇ ಕೋಣೆಯಲ್ಲಿ ಮೇಲಿಂದ ಮೇಲೆ ನೀರು ಇಂಗುವುದು, ಅಥವಾ ಅಲ್ಲಿಯ ದ್ರಾವಣ ಕಂದು ಬಣ್ಣಕ್ಕೆ ತಿರುಗಿರುವುದು.

5. ಪೆಟ್ಟಿಗೆ ಉಬ್ಬಿರುವುದು, ಬಿರಿದಿರುವುದು, ತುದಿಗಳು ಅಲುಗಾಡುವುದು.

ಮುಚ್ಚಿದ ಬ್ಯಾಟರಿಗಳ ಮೇಲಿನ ಹಸಿರು ಕಣ್ಣನ್ನು ಪೂರ್ತಿ ನಂಬಬಾರದು. ಅದು ಆರರಲ್ಲಿ ಒಂದು ಕೋಣೆಯ ಸ್ಥಿತಿಯನ್ನು ಮಾತ್ರ ತೋರಿಸುತ್ತದೆ.

ಈ ಪರೀಕ್ಷೆಯನ್ನು ಮೇ ತಿಂಗಳಲ್ಲಿ ಮುಂಗಾರಿಗೆ ಮೊದಲು ಒಮ್ಮೆ, ಹಿಂಗಾರಿ ಬಿತ್ತನೆಗೆ ಮುನ್ನ ಇನ್ನೊಮ್ಮೆ ಮಾಡಿಸುವುದು ಲೇಸು. ಮಳೆ ಬರುವ ಮೊದಲು ಬದಲಿಸಿದರೆ ನಾಲ್ಕು ಅಂಗಡಿ ವಿಚಾರಿಸಿ ಕೊಳ್ಳಲು ಸಮಯವಿರುತ್ತದೆ. ಹದ ಬಂದ ದಿನ ಸಿಕ್ಕಿದ್ದೇ ಬ್ಯಾಟರಿ, ಹೇಳಿದ್ದೇ ಬೆಲೆ.

ಹೊಸ ಬ್ಯಾಟರಿ ಕೊಳ್ಳುವಾಗ

ಟ್ರ್ಯಾಕ್ಟರಿನ ಕೈಪಿಡಿಯಲ್ಲಿ ಹೇಳಿದ ಆಂಪಿಯರ್-ಗಂಟೆಯ ಬ್ಯಾಟರಿಯನ್ನೇ ಕೊಳ್ಳಬೇಕು. ಅಗ್ಗವೆಂದು ಚಿಕ್ಕದನ್ನು ಹಾಕಿದರೆ ಅದು ಪ್ರತಿ ಸ್ಟಾರ್ಟಿಗೂ ಬಳಲಿ ಬೇಗ ಸಾಯುತ್ತದೆ. ತಯಾರಾದ ತಿಂಗಳನ್ನು ಕೇಳಿ ತಿಳಿಯಬೇಕು; ಅಂಗಡಿಯಲ್ಲಿ ಬಹುಕಾಲ ಕೂತ ಬ್ಯಾಟರಿ ಬೇಡ. ವಾರಂಟಿ ಕಾರ್ಡಿನ ಮೇಲೆ ದಿನಾಂಕ, ಮುದ್ರೆ ಹಾಕಿಸಿಕೊಂಡು ಜೋಪಾನವಾಗಿಡಬೇಕು. ಕೊಂಡ ದಿನಾಂಕವನ್ನು ಬ್ಯಾಟರಿಯ ಮೈಮೇಲೂ ಬಣ್ಣದಿಂದ ಬರೆದರೆ ಮುಂದೆ ಅನುಕೂಲ.

ಎಚ್ಚರಿಕೆ

ಚಾರ್ಜ್ ಆಗುವಾಗ ಬ್ಯಾಟರಿಯಿಂದ ಜಲಜನಕ ಅನಿಲ ಹೊರಡುತ್ತದೆ. ಬೀಡಿಯ ಕಿಡಿ ಅಥವಾ ನೀರಿನ ಮಟ್ಟ ನೋಡಲು ಗೀರಿದ ಒಂದು ಬೆಂಕಿಕಡ್ಡಿಯಿಂದ ಬ್ಯಾಟರಿ ಸಿಡಿದು ಆಮ್ಲ ಮುಖಕ್ಕೆ ಹಾರೀತು. ರಾತ್ರಿ ನೋಡುವುದಿದ್ದರೆ ಟಾರ್ಚ್ ಬಳಸಬೇಕು. ಕಣ್ಣಿಗೆ ಆಮ್ಲ ಬಿದ್ದರೆ ಕೂಡಲೇ ಹರಿಯುವ ಶುದ್ಧ ನೀರಿನಿಂದ 15-20 ನಿಮಿಷ ತೊಳೆದು, ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು.

ಕೀಲಿಯಿಂದ ಸ್ಟಾರ್ಟ್ ಆಗದಾಗ ನೆಲದ ಮೇಲೆ ನಿಂತು ಸ್ಟಾರ್ಟರಿನ ಎರಡು ತುದಿಗಳಿಗೆ ಸ್ಕ್ರೂಡ್ರೈವರ್ ಅಡ್ಡ ಹಿಡಿಯುವ ರೂಢಿ ಕೆಲವೆಡೆ ಇದೆ. ಇದನ್ನು ಎಂದಿಗೂ ಮಾಡಬಾರದು. ಗೇರಿನಲ್ಲಿರುವ ಟ್ರ್ಯಾಕ್ಟರ್ ಹೀಗೆ ಸ್ಟಾರ್ಟ್ ಆದರೆ ಎದುರಿಗೆ ನಿಂತವನ ಮೇಲೆಯೇ ಹಿಂದಿನ ಗಾಲಿ ಹರಿಯುತ್ತದೆ. ಚಾಲಕನ ಆಸನದಲ್ಲಿ ಕೂತು, ಗೇರ್ ಬಿಡಿಸಿ, ಕ್ಲಚ್ ಒತ್ತಿಯೇ ಸ್ಟಾರ್ಟ್ ಮಾಡಬೇಕು. ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ಸ್ಟಾರ್ಟರ್ ತಿರುಗಿಸಬಾರದು. ಒಂದು ನಿಮಿಷ ಬಿಟ್ಟು ಮತ್ತೆ ಯತ್ನಿಸಬೇಕು.

ಹಳೆಯ ಬ್ಯಾಟರಿಯನ್ನು ಏನು ಮಾಡಬೇಕು?

ಹಳೆಯ ಬ್ಯಾಟರಿಯನ್ನು ದನದ ಕೊಟ್ಟಿಗೆಯ ಮೂಲೆಯಲ್ಲಿ ಅಥವಾ ಬದುವಿನ ಮೇಲೆ ಎಸೆಯುವುದು ದೊಡ್ಡ ಅಪಾಯ. ಒಡೆದ ಬ್ಯಾಟರಿಯ ಪ್ಲೇಟುಗಳನ್ನು ದನಕರುಗಳು ನೆಕ್ಕುತ್ತವೆ. ಸೀಸದ ವಿಷವೇರಿ ಕುರುಡಾಗಿ, ನಡುಗಿ, ಸಾಯುತ್ತವೆ. ಮಕ್ಕಳ ಬೆಳವಣಿಗೆಗೂ ಬುದ್ಧಿಗೂ ಸೀಸ ಮಾರಕ. ಮನೆಯಲ್ಲಿ ಒಡೆದು ಸೀಸ ಕರಗಿಸುವುದು, ಆಮ್ಲವನ್ನು ಹೊಲಕ್ಕೆ ಚೆಲ್ಲುವುದು ಸಲ್ಲದು. ಭಾರತ ಸರ್ಕಾರದ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳಂತೆ ಹಳೆಯ ಬ್ಯಾಟರಿಯನ್ನು ಸಂಗ್ರಹಣೆಗೆ ಅಥವಾ ಮರುಬಳಕೆಗೆ ಅಧಿಕೃತರಾದವರಿಗೇ ಒಪ್ಪಿಸಬೇಕು. ಹೊಸದನ್ನು ಕೊಳ್ಳುವ ಅಂಗಡಿಯಲ್ಲೇ ಹಿಂದಿರುಗಿಸಿದರೆ ಅದರ ಬೆಲೆ ಹೊಸದರಲ್ಲಿ ಕಳೆಯುವುದು ರೂಢಿ. ಹೀಗೆ ಹಣವೂ ಉಳಿಯುತ್ತದೆ, ದನಕರುಗಳೂ ಉಳಿಯುತ್ತವೆ.

ಎತ್ತುಗಳನ್ನು ಕಟ್ಟಿ ಬೇಸಾಯ ಮಾಡುವ ರೈತ ಬಿತ್ತನೆಗೆ ತಿಂಗಳ ಮೊದಲೇ ಅವುಗಳ ಮೇವು, ಲಾಳ, ಹೆಗಲು ನೋಡುತ್ತಾನೆ. ಟ್ರ್ಯಾಕ್ಟರ್ ಇಟ್ಟವರು ಬ್ಯಾಟರಿಗೂ ಅಷ್ಟೇ ಗಮನ ಕೊಟ್ಟರೆ, ಹದ ಬಂದ ಮುಂಜಾನೆ ಕೀಲಿ ತಿರುಗಿಸಿದ ಕೂಡಲೇ ಎಂಜಿನ್ ಏಳುತ್ತದೆ.