ಪೋರೂರಿನ ನೆಲದಡಿ ಬತ್ತಿದ ಗೀಸರ್ ಇರಬಹುದೇ?

ಪ್ರಶ್ನೆ: ನಮ್ಮ ಮನೆ ಪಕ್ಕದ ಸೈಟಿನಲ್ಲಿ ಬೋರ್‌ವೆಲ್ ಕೊರೆಯುವಾಗ ಬೂದು ಬಣ್ಣದ ನೀರು ಆಳೆತ್ತರಕ್ಕೆ ಚಿಮ್ಮಿ, ಆಮೇಲೆ ನಿಂತುಹೋಯಿತು. ಅಲ್ಲಿ ಹಿಂದೆಂದೋ ಗೀಸರ್ ಇದ್ದು ಬತ್ತಿರಬಹುದೇ?
– ಓದುಗರು, ಪೋರೂರು, ಚೆನ್ನೈ

ಉತ್ತರ: ಕಣ್ಣಾರೆ ಕಂಡದ್ದರಿಂದ ಹುಟ್ಟಿದ ಒಳ್ಳೆಯ ಪ್ರಶ್ನೆ ಇದು. ನೆಲದಿಂದ ನೀರು ಚಿಮ್ಮಿದರೆ ಗೀಸರ್, ಅಂದರೆ ಆಗಾಗ ಕುದಿನೀರನ್ನು ಚಿಮ್ಮಿಸುವ ಬುಗ್ಗೆ, ನೆನಪಾಗುವುದು ಸಹಜ. ಆದರೆ ನೀವು ಕಂಡದ್ದು ಗೀಸರ್ ಅಲ್ಲ. ಕೊರೆದ ಕಲ್ಲಿನ ಪುಡಿಯನ್ನು ಹೊರತಳ್ಳಲು ರಿಗ್‌ನ ಕಂಪ್ರೆಸರ್ ಗಾಳಿಯನ್ನು ರಭಸದಿಂದ ಒಳಗೆ ಬಿಡುತ್ತದೆ. ಆ ಗಾಳಿಯೇ ನೀರನ್ನೂ ಎತ್ತಿ ಚಿಮ್ಮಿಸುತ್ತದೆ; ಕಂಪ್ರೆಸರ್ ನಿಂತರೆ ಚಿಮ್ಮುವುದೂ ನಿಲ್ಲುತ್ತದೆ.

ಗೀಸರ್ ಹುಟ್ಟಲು ಮೂರು ಬೇಕು: ನೆಲದಡಿ ಬಲವಾದ ಶಾಖ, ಸಾಕಷ್ಟು ನೀರು, ಮೇಲೆ ಬರಲು ಇಕ್ಕಟ್ಟಾದ ಬಿರುಕು. ಆಳದ ನೀರಿನ ಮೇಲೆ ಮೇಲಿನ ನೀರಿನ ಭಾರ ಇರುತ್ತದೆ. ಹೀಗಾಗಿ 10 ಮೀಟರ್ ಆಳದಲ್ಲಿ ನೀರು ಕುದಿಯಲು ಸುಮಾರು 120 ಡಿಗ್ರಿ ಸೆಲ್ಸಿಯಸ್ ಬೇಕು. ಪ್ರೆಶರ್ ಕುಕ್ಕರಿನೊಳಗೆ ಆಗುವುದೂ ಇದೇ. ಮೇಲಿನ ನೀರು ಸ್ವಲ್ಪ ಉಕ್ಕಿ ಹೊರಹೋದರೆ ಒತ್ತಡ ಇಳಿಯುತ್ತದೆ. ಕೆಳಗಿನ ನೀರು ಒಮ್ಮೆಲೇ ಹಬೆಯಾಗಿ ಉಳಿದ ನೀರನ್ನು ಮೇಲಕ್ಕೆ ಎಸೆಯುತ್ತದೆ. ಬಿರುಕು ಮತ್ತೆ ತುಂಬಿ, ನೀರು ಕಾದಾಗ ಇದೇ ಮರುಕಳಿಸುತ್ತದೆ.

ಮೂರರಲ್ಲಿ ಒಂದು ಕೈಕೊಟ್ಟರೂ ಗೀಸರ್ ಬತ್ತುತ್ತದೆ. ಭೂಕಂಪದಿಂದ ಬಿರುಕಿನ ದಾರಿ ಬದಲಾಗಬಹುದು, ನೀರಿನಲ್ಲಿ ಕರಗಿ ಬಂದ ಸಿಲಿಕಾ ಕಟ್ಟಿಕೊಂಡು ದಾರಿ ಮುಚ್ಚಬಹುದು. ಮನುಷ್ಯರಿಂದಲೂ ಹೀಗಾಗಿದೆ. ನ್ಯೂಜಿಲೆಂಡಿನ ವೈರಾಕೆಯಲ್ಲಿ 1958ರಲ್ಲಿ ಭೂಶಾಖದ ವಿದ್ಯುತ್ ಸ್ಥಾವರ ಶುರುವಾಯಿತು. ಅದಕ್ಕಾಗಿ ಬಿಸಿನೀರು, ಹಬೆಯನ್ನು ಹೊರತೆಗೆದಿದ್ದರಿಂದ ನೆಲದಡಿಯ ಒತ್ತಡ ಕುಸಿದು, ಅಲ್ಲಿನ ಕಣಿವೆಯ ಗೀಸರ್‌ಗಳು ಕೆಲವೇ ವರ್ಷಗಳಲ್ಲಿ ನಿಂತುಹೋದವು. ಬತ್ತಿದ ಸಣ್ಣ ಗೀಸರ್ ಕೂಡ ಗುರುತು ಬಿಟ್ಟಿರುತ್ತದೆ: ಬಾಯಿಯ ಸುತ್ತ ಬಿಳಿ ಅಥವಾ ಬೂದು ಬಣ್ಣದ, ಪದರ ಪದರವಾದ ಸಿಲಿಕಾ ಹೆಪ್ಪು.

ಪೋರೂರಿನ ಸುತ್ತ ಅಂಥ ಗುರುತಿಲ್ಲ, ಅದಕ್ಕೆ ಬೇಕಾದ ಶಾಖವೂ ಇಲ್ಲ. ಹತ್ತಿರದ ಪಲ್ಲಾವರಂ ಗುಡ್ಡದಲ್ಲಿರುವುದು ಚಾರ್ನೊಕೈಟ್ ಶಿಲೆ. ಸುಮಾರು 250 ಕೋಟಿ ವರ್ಷ ಹಿಂದೆ ಭೂಮಿಯ ಆಳದಲ್ಲಿ ರೂಪುಗೊಂಡ ಈ ಶಿಲೆ ತಣ್ಣಗಾಗಿ ಎಷ್ಟೋ ಕಾಲವಾಗಿದೆ. ಹೊಸದಾಗಿ ಒಡೆದ ತುಂಡನ್ನು ಬಿಸಿಲಿಗೆ ಹಿಡಿದರೆ ಎಣ್ಣೆ ಸವರಿದಂಥ ಕಪ್ಪು ಹೊಳಪಿನ ನಡುವೆ ನಸುನೀಲಿ ಸ್ಫಟಿಕದ ಕಾಳುಗಳು ಕಾಣುತ್ತವೆ.

ಒಂದು ಗೊಂದಲವನ್ನೂ ಬಗೆಹರಿಸಿಬಿಡೋಣ. ಬಿಸಿನೀರಿನ ಬುಗ್ಗೆಗಳೆಲ್ಲ ಗೀಸರ್ ಅಲ್ಲ. ದಕ್ಷಿಣ ಕನ್ನಡದ ಪುತ್ತೂರು ತಾಲ್ಲೂಕಿನ ಇರ್ದೆಯಲ್ಲಿ ಬೆಂದ್ರ್‌ ತೀರ್ಥವಿದೆ. ಬೆಚ್ಚಗಿನ ನೀರಿಗೆ ಹೆಸರಾದ ಬುಗ್ಗೆ ಅದು. ನೀರು ಬೆಚ್ಚಗಾಗಲು ಜ್ವಾಲಾಮುಖಿಯೇ ಬೇಕೆಂದಿಲ್ಲ. ಭೂಮಿಯ ಆಳಕ್ಕೆ ಇಳಿದಷ್ಟೂ ಶಾಖ ಹೆಚ್ಚುತ್ತದೆ. ಮಳೆನೀರು ಬಿರುಕುಗಳಲ್ಲಿ ಆಳಕ್ಕಿಳಿದು, ಕಾದು, ಮೇಲೆ ಬಂದರೂ ಸಾಕು. ಅಂಥ ನೀರು ಶಾಂತವಾಗಿ ಒಸರುತ್ತದೆ, ಕುದಿದು ಚಿಮ್ಮುವುದಿಲ್ಲ.

ಮುಂದೆ ಎಲ್ಲಾದರೂ ಬೋರ್ ಕೊರೆಯುವುದು ಕಂಡರೆ, ಕೆಲಸ ಮುಗಿದ ಮೇಲೆ ಹೊರಬಿದ್ದ ಕಲ್ಲುಪುಡಿಯನ್ನು ತೊಳೆದು ನೋಡಿ. ನೀವು ಯಾವ ಶಿಲೆಯ ಮೇಲೆ ವಾಸವಾಗಿದ್ದೀರಿ ಎಂಬುದು ಅದರಿಂದಲೇ ತಿಳಿದೀತು.