ಹಿಂದಿನ ಟೈರ್ ಒಂದೇ ಅಂಚಿನಲ್ಲಿ ಸವೆಯುತ್ತಿದೆಯೇ? ಅಳತೆಯಿಂದ ದೂರಿನವರೆಗೆ, ಹಂತ ಹಂತವಾಗಿ

ಕಾರಿನ ಮುಂದಿನ ಟೈರ್ ಸವೆದರೆ ಬೇಗ ಕಣ್ಣಿಗೆ ಬೀಳುತ್ತದೆ. ಸ್ಟಿಯರಿಂಗ್ ಒಂದು ಬದಿಗೆ ತಿರುಗಿಸಿ ನಿಲ್ಲಿಸಿದರೆ ಟೈರಿನ ಮೈಯೆಲ್ಲ ಕಾಣುತ್ತದೆ. ಹಿಂದಿನ ಟೈರಿಗೆ ಆ ಅನುಕೂಲವಿಲ್ಲ. ಹೊರಗಿನ ಅಂಚು ಹೊಸದರಂತೆ ಇರುವಾಗಲೇ ಒಳಗಿನ ಅಂಚು ತಂತಿ ಕಾಣುವಷ್ಟು ಸವೆದಿರಬಹುದು. ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಮಳೆಗಾಲದಲ್ಲಿ ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಮುಂದಿನ ಟೈರ್ ಜಾರಿದರೆ ವೇಗ ತಗ್ಗಿಸಿ ಹೇಗೋ ಸಂಭಾಳಿಸಬಹುದು. ಹಿಂದಿನದು ಜಾರಿದರೆ ಕಾರೇ ಗಿರಕಿ ಹೊಡೆಯುತ್ತದೆ.

ಡೀಲರ್ ಬಳಿ ಹೋಗಿ “ಟೈರ್ ಸವೆದಿದೆ” ಎಂದರೆ ಬರುವ ಉತ್ತರ ಬಹುಮಟ್ಟಿಗೆ ಒಂದೇ: “ರೋಡ್ ಸರಿ ಇಲ್ಲ ಸಾರ್. ಟೈರಿಗೆ ನಮ್ಮ ವಾರಂಟಿ ಬರಲ್ಲ, ಟೈರ್ ಕಂಪನಿಯವರನ್ನ ಕೇಳಿ.” ಎರಡನೆಯ ಮಾತು ಸುಳ್ಳಲ್ಲ. ಟೈರಿನ ವಾರಂಟಿ ಸಾಮಾನ್ಯವಾಗಿ ಟೈರ್ ತಯಾರಕರದೇ. ಹಾಗಾಗಿ ಡೀಲರ್ ಬಳಿ ಟೈರ್ ಕೇಳಲು ಹೋಗಬಾರದು. ಟೈರನ್ನು ಹಾಗೆ ಸವೆಸಿದ ಆಕ್ಸಲ್ ಮತ್ತು ಸಸ್ಪೆನ್ಷನ್ ಬಗ್ಗೆ ಕೇಳಬೇಕು. ಅವು ಕಾರಿನ ಭಾಗಗಳು. ಅವುಗಳ ವಿಷಯದಲ್ಲಿ ಡೀಲರ್ ಉತ್ತರ ಕೊಡಲೇಬೇಕು.

ಹಂತ 1: ಅಳೆಯಿರಿ, ಬರೆದಿಡಿ

ಗ್ರಿಪ್‌ನ ಆಳ ಅಳೆಯುವ ಪುಟ್ಟ ಗೇಜ್ ಕೆಲವು ನೂರು ರೂಪಾಯಿಯೊಳಗೆ ಸಿಗುತ್ತದೆ. ನಾಲ್ಕೂ ಟೈರುಗಳಲ್ಲಿ ಒಳಅಂಚು, ನಡು, ಹೊರಅಂಚು, ಈ ಮೂರು ಕಡೆ ಆಳ ನೋಡಿ, ಓಡೋಮೀಟರ್ ಓದು ಮತ್ತು ದಿನಾಂಕದ ಜೊತೆ ಬರೆದುಕೊಳ್ಳಿ. ಹೊಸ ಟೈರಿನ ಆಳ ಸುಮಾರು 7–8 ಮಿ.ಮೀ. ತೋಡಿನ ತಳದಲ್ಲಿ ಕಾಣುವ ಸಣ್ಣ ದಿಬ್ಬದ ಎತ್ತರ 1.6 ಮಿ.ಮೀ.; ಗ್ರಿಪ್ ಅದರ ಮಟ್ಟಕ್ಕೆ ಇಳಿದರೆ ಟೈರಿನ ಆಯುಷ್ಯ ಮುಗಿಯಿತು. ಒಂದೇ ಟೈರಿನ ಎರಡು ಅಂಚುಗಳ ನಡುವೆ 2 ಮಿ.ಮೀ. ವ್ಯತ್ಯಾಸವಿದ್ದರೂ ಮುಂದಿನ ಹಂತಗಳಿಗೆ ಹೋಗುವುದು ಒಳ್ಳೆಯದು.

ಒಳಅಂಚು ಕಣ್ಣಿಗೆ ಸಿಗದಿದ್ದರೆ ಫೋನನ್ನು ಚಕ್ರದ ಹಿಂದೆ ಚಾಚಿ ವಿಡಿಯೋ ಮಾಡಿ. ಟೈರಿನ ಪಕ್ಕೆಯಲ್ಲಿ ‘ಡಾಟ್’ ಸಂಖ್ಯೆಯ ಕೊನೆಗೆ ನಾಲ್ಕು ಅಂಕಿಗಳಿರುತ್ತವೆ: ಮೊದಲ ಎರಡು ತಯಾರಾದ ವಾರ, ಉಳಿದೆರಡು ವರ್ಷ. ಅದರ ಫೋಟೋ ಕೂಡ ಇರಲಿ. ಇದೆಲ್ಲ ಮುಗಿಯುವವರೆಗೆ ಟೈರ್ ರೊಟೇಶನ್ ಮಾಡಿಸಬೇಡಿ. ಹಿಂದಿನ ಟೈರ್ ಮುಂದಕ್ಕೆ ಹೋದ ಮೇಲೆ ಅದು ಎಲ್ಲಿ ಸವೆಯಿತೆಂದು ತೋರಿಸುವುದು ಕಷ್ಟ.

ಹಂತ 2: ಸವೆತದ ಗುರುತು ಓದಿ

ಎರಡೂ ಅಂಚು ಸವೆದು ನಡು ಉಳಿದಿದ್ದರೆ ಗಾಳಿ ಕಡಿಮೆ. ನಡು ಮಾತ್ರ ಸವೆದಿದ್ದರೆ ಗಾಳಿ ಹೆಚ್ಚು. ಅಲ್ಲಲ್ಲಿ ತಗ್ಗು ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್ ಸೋತಿರಬಹುದು, ಇಲ್ಲವೇ ಬ್ಯಾಲೆನ್ಸಿಂಗ್ ತಪ್ಪಿರಬಹುದು. ಗ್ರಿಪ್‌ನ ಮೇಲೆ ಅಡ್ಡಡ್ಡ ಕೈಯಾಡಿಸಿ: ಒಂದು ಕಡೆಗೆ ನುಣುಪು, ವಾಪಸು ಬರುವಾಗ ಗರಗಸದ ಹಲ್ಲಿನಂತೆ ಚುಚ್ಚಿದರೆ ಚಕ್ರದ ‘ಟೋ’ ತಪ್ಪಿದೆ. ಒಳಅಂಚು ಮಾತ್ರ ಸವೆದಿದ್ದರೆ ಟೋ, ಕ್ಯಾಂಬರ್ ಎರಡನ್ನೂ ಅನುಮಾನಿಸಬೇಕು (ಇವುಗಳ ಅರ್ಥ ಹಂತ 4ರಲ್ಲಿದೆ). ಒಂದೇ ಬದಿಯ ಟೈರಿಗೆ ಹೀಗಾಗಿದ್ದರೆ ಗುಂಡಿಗೋ ಡಿವೈಡರಿಗೋ ಬಡಿದು ಆಕ್ಸಲ್ ಬಾಗಿದೆಯೇ ಎಂಬ ಪ್ರಶ್ನೆ ಮೊದಲು ಬರುತ್ತದೆ. ಆ ಪ್ರಶ್ನೆಯನ್ನು ಡೀಲರ್ ಕೇಳುವ ಮೊದಲು ನೀವೇ ಪ್ರಾಮಾಣಿಕವಾಗಿ ಕೇಳಿಕೊಳ್ಳಿ.

ಹಂತ 3: ನಿಮ್ಮ ಕಡೆ ಬೆರಳು ತೋರಿಸಲು ಅವಕಾಶ ಕೊಡಬೇಡಿ

ಗಾಳಿ ಎಷ್ಟಿರಬೇಕೆಂದು ಚಾಲಕನ ಬಾಗಿಲ ಬಳಿಯ ಸ್ಟಿಕ್ಕರ್ ಹೇಳುತ್ತದೆ. ಟೈರ್ ತಣ್ಣಗಿರುವಾಗ, ಅಂದರೆ ಕಾರು ಕೆಲವು ಗಂಟೆ ನಿಂತ ಮೇಲೆ, ನೋಡಿ. ರೊಟೇಶನ್ ಕೈಪಿಡಿ ಹೇಳಿದ ಅಂತರದಲ್ಲಿ (ಸಾಮಾನ್ಯವಾಗಿ 10,000 ಕಿ.ಮೀ. ಒಳಗೆ) ಆಗಿದ್ದರೆ ಆ ಬಿಲ್ಲುಗಳನ್ನು ಹುಡುಕಿಡಿ. ಅಲಾಯ್ ಚಕ್ರವನ್ನು ದೊಡ್ಡ ಅಳತೆಗೆ ಬದಲಿಸಿದ್ದರೆ, ಸ್ಪ್ರಿಂಗ್ ಬದಲಿಸಿ ಕಾರನ್ನು ತಗ್ಗಿಸಿದ್ದರೆ ನಿಮ್ಮ ವಾದ ಅಲ್ಲಿಗೇ ಅರ್ಧ ಬಿದ್ದಂತೆ.

ಹಂತ 4: ನಾಲ್ಕೂ ಚಕ್ರಗಳ ಅಲೈನ್‌ಮೆಂಟ್ ಪ್ರಿಂಟ್ ಪಡೆಯಿರಿ

ಎಲ್ಲ ಹಂತಗಳಲ್ಲಿ ಇದೇ ಮುಖ್ಯ. ಅನೇಕ ಅಂಗಡಿಗಳಲ್ಲಿ “ಅಲೈನ್‌ಮೆಂಟ್ ಆಯ್ತು” ಎಂದರೆ ಮುಂದಿನ ಎರಡು ಚಕ್ರದ ಟೋ ಸರಿಮಾಡಿದ್ದಾರೆ ಎಂದಷ್ಟೇ ಅರ್ಥ. ನಿಮಗೆ ಬೇಕಿರುವುದು ಹಿಂದಿನ ಅಂಕಿಗಳು. ಡೀಲರಿಗೆ ಸಂಬಂಧವಿಲ್ಲದ ಒಳ್ಳೆಯ ಟೈರ್ ಅಂಗಡಿಗೆ ಹೋಗಿ, ನಾಲ್ಕೂ ಚಕ್ರಕ್ಕೆ ಸೆನ್ಸರ್ ಅಥವಾ ಟಾರ್ಗೆಟ್ ಕಟ್ಟಿಸಿ, ಏನನ್ನೂ ತಿರುಗಿಸುವ ಮೊದಲೇ ಒಂದು ಪ್ರಿಂಟ್ ಕೇಳಿ. ನಿಮ್ಮ ಕಾರಿನ ಮಾದರಿಯನ್ನೇ ಯಂತ್ರದಲ್ಲಿ ಆರಿಸಿದ್ದಾರೆಯೇ ನೋಡಿಕೊಳ್ಳಿ. ಬೇರೆ ಮಾದರಿಯ ಮಿತಿ ಹಾಕಿದರೆ, ಮಿತಿ ಮೀರಿ ಕೆಂಪಾಗಿ ಕಾಣಬೇಕಾದ ಅಂಕಿ ಹಸಿರಾಗಿಬಿಡಬಹುದು.

ಪ್ರಿಂಟಿನಲ್ಲಿ ಮೂರು ಸಾಲು ಹುಡುಕಿ. ಟೋ ಎಂದರೆ ಮೇಲಿಂದ ನೋಡಿದಾಗ ಚಕ್ರದ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವುದು. ಕ್ಯಾಂಬರ್ ಎಂದರೆ ಹಿಂದಿನಿಂದ ನೋಡಿದಾಗ ಚಕ್ರದ ಮೇಲ್ಭಾಗ ವಾಲಿರುವುದು. ಥ್ರಸ್ಟ್ ಆಂಗಲ್ ಎಂದರೆ ಹಿಂದಿನ ಎರಡು ಚಕ್ರಗಳು ಸೇರಿ ಕಾರನ್ನು ನೂಕುವ ದಿಕ್ಕು. ಅದು ಓರೆಯಾದರೆ ನೇರ ರಸ್ತೆಯಲ್ಲೂ ಸ್ಟಿಯರಿಂಗ್ ಸೊಟ್ಟ ಹಿಡಿಯಬೇಕಾಗುತ್ತದೆ.

ಈ ಮೂರರಲ್ಲಿ ಟೈರನ್ನು ಬೇಗ ತಿನ್ನುವುದು ಟೋ. ಚಕ್ರ ಸಾಗುವ ದಿಕ್ಕಿಗೆ ಅರ್ಧ ಡಿಗ್ರಿ ಓರೆಯಾಗಿದೆ ಎನ್ನಿ. ಕಾರು 1 ಕಿ.ಮೀ. ಹೋಗುವಷ್ಟರಲ್ಲಿ ಅದು ಸುಮಾರು 8.7 ಮೀಟರ್ ಅಡ್ಡಕ್ಕೆ ಉಜ್ಜಿಕೊಂಡಿರುತ್ತದೆ. 10,000 ಕಿ.ಮೀ.ಗೆ ಲೆಕ್ಕ ಹಾಕಿದರೆ 87 ಕಿ.ಮೀ. ಟೈರ್ ಬೋಳಾಗದೆ ಇನ್ನೇನಾದೀತು?

ನಮ್ಮಲ್ಲಿ ಓಡಾಡುವ ಸಣ್ಣ ಕಾರುಗಳಲ್ಲಿ, ಕಾಂಪ್ಯಾಕ್ಟ್ ಎಸ್‌ಯುವಿಗಳಲ್ಲಿ ಬಹುಪಾಲು ಹಿಂದೆ ಇರುವುದು ಟಾರ್ಷನ್ ಬೀಮ್, ಅಂದರೆ ಹಿಂದಿನ ಎರಡೂ ಚಕ್ರಗಳನ್ನು ಜೋಡಿಸುವ ಒಂದೇ ಅಡ್ಡತೊಲೆ. ಅದರಲ್ಲಿ ಟೋ, ಕ್ಯಾಂಬರ್ ತಿರುಗಿಸಿ ಸರಿಮಾಡುವ ಬೋಲ್ಟ್ ಸಾಮಾನ್ಯವಾಗಿ ಇರುವುದಿಲ್ಲ. “ಹಿಂದೆ ಅಡ್ಜಸ್ಟ್‌ಮೆಂಟ್ ಇಲ್ಲ ಸಾರ್” ಎಂದು ಮೆಕ್ಯಾನಿಕ್ ಕೈಚೆಲ್ಲಿದರೆ ಬೇಸರ ಬೇಡ, ಆ ಮಾತು ನಿಮ್ಮ ಪರವಾಗಿಯೇ ಇದೆ. ತಿರುಗಿಸಲು ಬಾರದ ಭಾಗ ಮಿತಿ ಮೀರಿದ್ದರೆ ಉಳಿಯುವ ಕಾರಣಗಳು ಕಡಿಮೆ: ಬಡಿತ, ಸವೆದ ಬುಶ್ ಅಥವಾ ಬೇರಿಂಗ್, ಇಲ್ಲವೇ ತಯಾರಿಕೆಯ ದೋಷ. ಇವುಗಳಲ್ಲಿ ಯಾವುದು ಎಂದು ಹೇಳಬೇಕಾದವರು ಡೀಲರ್.

ಹಂತ 5: ಜಾಬ್ ಕಾರ್ಡಿನಲ್ಲಿ ನಿಮ್ಮ ಮಾತು ಬರಲಿ

ಸರ್ವಿಸ್ ಅಡ್ವೈಸರ್ ಅವಸರದಲ್ಲಿ “ಜನರಲ್ ಚೆಕಪ್” ಎಂದು ಬರೆದರೆ ನಿಮ್ಮ ದೂರು ದಾಖಲೆಯಲ್ಲಿ ಇಲ್ಲವೇ ಇಲ್ಲ. ಹೀಗೆ ಬರೆಸಿ: “ಹಿಂದಿನ ಎಡ ಟೈರ್ ಒಳಅಂಚು 2.1 ಮಿ.ಮೀ., ಹೊರಅಂಚು 5.8 ಮಿ.ಮೀ. ಹಿಂದಿನ ಟೋ, ಕ್ಯಾಂಬರ್ ಅಳೆದು ಕಂಪನಿಯ ಮಿತಿಯೊಂದಿಗೆ ಪ್ರಿಂಟ್ ಕೊಡುವುದು. ಮಿತಿ ಮೀರಿದ್ದರೆ ಕಾರಣವನ್ನು ಬರಹದಲ್ಲಿ ತಿಳಿಸುವುದು.” ಅಂಕಿಗಳು ನಿಮ್ಮವು ಇರಲಿ. ಅಡ್ವೈಸರ್ ಒಪ್ಪದಿದ್ದರೆ ಜಗಳಕ್ಕೆ ಇಳಿಯಬೇಡಿ. ಅಲ್ಲೇ ನಿಂತು ಅದನ್ನೇ ಡೀಲರ್‌ನ ಇಮೇಲ್‌ಗೆ ಕಳಿಸಿ. ಕಾರು ವಾಪಸು ಪಡೆಯುವಾಗ “ತೃಪ್ತಿಯಾಗಿದೆ” ಎಂಬ ಜಾಗದಲ್ಲಿ ಕಣ್ಣುಮುಚ್ಚಿ ಸಹಿ ಹಾಕಬೇಡಿ, “ಟೈರ್ ದೂರು ಬಾಕಿ ಇದೆ” ಎಂದು ಮೇಲೆ ಬರೆದು ಸಹಿ ಮಾಡಿ.

ಹಂತ 6: ಕಂಪನಿಯವರೆಗೆ ಒಯ್ಯಿರಿ

ಸರ್ವಿಸ್ ಮ್ಯಾನೇಜರ್ ಒಂದು ವಾರದಲ್ಲಿ ಉತ್ತರ ಕೊಡದಿದ್ದರೆ ಕಾರು ತಯಾರಕರ ಗ್ರಾಹಕ ಸೇವೆಗೆ ಬರೆದು ದೂರಿನ ಸಂಖ್ಯೆ ಪಡೆಯಿರಿ. ಕಂಪನಿಯ ಏರಿಯಾ ಸರ್ವಿಸ್ ಮ್ಯಾನೇಜರ್ ಬಂದು ಕಾರು ನೋಡಬೇಕೆಂದು ಕೇಳಿ. ಇದೇ ತೊಂದರೆಗೆ ಕಂಪನಿ ಡೀಲರುಗಳಿಗೆ ತಾಂತ್ರಿಕ ಸುತ್ತೋಲೆ ಕಳಿಸಿದೆಯೇ ಎಂದೂ ಕೇಳಿ. ಅಂಥವು ಗ್ರಾಹಕರ ಕೈಗೆ ತಾವಾಗಿ ಬರುವುದಿಲ್ಲ. ಅಮೆರಿಕದಲ್ಲಿ 2006, 2007ರ ಹೋಂಡಾ ಸಿವಿಕ್ ಕಾರುಗಳ ಹಿಂದಿನ ಟೈರ್ ಹೀಗೇ ಬೇಗ ಸವೆಯುತ್ತಿತ್ತು. 2008ರಲ್ಲಿ ಕಂಪನಿಯೇ ಹಿಂದಿನ ಕಂಟ್ರೋಲ್ ಆರ್ಮ್ ಬದಲಿಸುವ ಸುತ್ತೋಲೆಯನ್ನು ಡೀಲರುಗಳಿಗೆ ಕಳಿಸಿತು. ಮುಂದೆ ಕ್ಯಾಲಿಫೋರ್ನಿಯಾದಲ್ಲಿ ಮಾಲೀಕರು ಒಟ್ಟಾಗಿ ಮೊಕದ್ದಮೆಯನ್ನೂ ಹೂಡಿದರು. ಅಲ್ಲಿ ದೋಷ ಟೈರಿನಲ್ಲಿರಲಿಲ್ಲ, ಹಿಂದಿನ ಸಸ್ಪೆನ್ಷನ್ನಿನಲ್ಲಿತ್ತು.

ಈ ನಡುವೆ ಕಾರು ಓಡಿಸಲೇಬೇಕೆಂದರೆ ಬೋಳಾದ ಟೈರ್ ಬದಲಿಸಿ, ಸುರಕ್ಷತೆ ಮೊದಲು. ಆದರೆ ಹಳೆಯದನ್ನು ಅಂಗಡಿಯಲ್ಲಿ ಬಿಟ್ಟು ಬರಬೇಡಿ, ಅದು ನಿಮ್ಮ ಸಾಕ್ಷ್ಯ.

ಹಂತ 7: 1915, ಆಮೇಲೆ ಆಯೋಗ

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ಕನ್ನಡದಲ್ಲೇ ದೂರು ಕೊಡಬಹುದು. ಅದು ಕಂಪನಿಯೊಂದಿಗೆ ಮಾತಾಡಿಸುತ್ತದೆ, ಆದೇಶ ಕೊಡುವ ಅಧಿಕಾರ ಅದಕ್ಕಿಲ್ಲ. ಅಲ್ಲೂ ಆಗದಿದ್ದರೆ ನೋಟಿಸ್ ಕೊಟ್ಟು ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಹೂಡಬಹುದು. ಶೋರೂಂ ಬೆಂಗಳೂರಿನಲ್ಲಿದ್ದರೂ ಹಾಸನದವರು ಹಾಸನದಲ್ಲಿ. ವಕೀಲರು ಕಡ್ಡಾಯವಲ್ಲ. ಶುಲ್ಕ ಕಾರಿಗೆ ಕೊಟ್ಟ ಬೆಲೆಯ ಮೇಲೆ: 5ರಿಂದ 10 ಲಕ್ಷದವರೆಗೆ 200 ರೂ., 20 ಲಕ್ಷದವರೆಗೆ 400 ರೂ. ದೋಷ ತಿಳಿಯಲು ಪರೀಕ್ಷೆ ಬೇಕೆನಿಸಿದರೆ ವಸ್ತುವನ್ನು ಪ್ರಯೋಗಾಲಯಕ್ಕೆ ಕಳಿಸುವ ಅಧಿಕಾರ ಆಯೋಗಕ್ಕಿದೆ. ಹಳೆಯ ಟೈರ್, ಅಲೈನ್‌ಮೆಂಟ್ ಪ್ರಿಂಟ್ ಎರಡೂ ಆಗ ಬೇಕಾಗುತ್ತವೆ.

ದೂರಿಗೆ ಕಾರಣ ಹುಟ್ಟಿದ ದಿನದಿಂದ 2 ವರ್ಷದೊಳಗೆ ಆಯೋಗದಲ್ಲಿ ದೂರು ಹೂಡಿರಬೇಕು. “ನೋಡ್ತೀವಿ ಸಾರ್” ಎನ್ನುತ್ತ ಡೀಲರ್ ದೂಡುವ ತಿಂಗಳುಗಳೂ ಆ ಲೆಕ್ಕದಲ್ಲೇ ಕಳೆಯುತ್ತವೆ.